ನೊಣದಿಂದ ಚುಕ್ಕೆಗೆ

ನಮ್ಮ ಕಾಕಾ ಸಮವಸ್ತ್ರದ ನೌಕರಿಯಲ್ಲಿದ್ದರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಹೀಗೆ ಆಗಿನ ಗುಲ್ಬರ್ಗಾ, ಈಗಿನ ಕಲಬುರಗಿ ಜಿಲ್ಲೆಯ ಈ ಐದೂ ಊರುಗಳ ನೀರು ಕುಡಿದವರು. ಸೊಂಟದ ಪಿಸ್ತೂಲನ್ನು ಅವರು ಜಂಬಕ್ಕಾಗಿ ಕಟ್ಟಿಕೊಂಡವರಲ್ಲ. ಆದರೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಗುರಿಯ ಪರೀಕ್ಷೆಯಲ್ಲಿ ತಮ್ಮ ಕೈ ಎಂದೂ ತಪ್ಪಿದ್ದಿಲ್ಲವೆಂಬ ಒಂದು ಅಭಿಮಾನ ಅವರಿಗೆ ಇದ್ದೇ ಇತ್ತು. ಪರೀಕ್ಷೆ ಮುಗಿಸಿ ಬಂದ ಸಂಜೆ ಮನೆಯ ಮಕ್ಕಳಿಗೆಲ್ಲ ಪೇಡೆ ತರುತ್ತಿದ್ದರು.

೧೯೭೮ರ ಸುಮಾರಿನಲ್ಲಿ, ಅವರು ಐವತ್ತರ ಹತ್ತಿರ ಬಂದಾಗ, ಪೇಡೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಗುಂಡುಗಳು ಹಲಗೆಯ ಅಂಚಿಗೆ ಸರಿದಿದ್ದವು. ಊರಿನ ನಾಲಿಗೆ ಸುಮ್ಮನಿರುತ್ತದೆಯೇ? ಕೈ ನಡುಗುತ್ತದೆ ಎಂದರು ಕೆಲವರು. ಧೈರ್ಯ ಹೋಯಿತು ಎಂದರು ಇನ್ನು ಕೆಲವರು. ಕಾಕಾ ಯಾರಿಗೂ ಉತ್ತರ ಕೊಡಲಿಲ್ಲ. ಒಂದು ರಾತ್ರಿ ಅಂಗಳದಲ್ಲಿ ನನ್ನೊಬ್ಬನಿಗೇ ಹೇಳಿದರು: “ಕೈ ನಡುಗಂಗಿಲ್ಲ ತಮ್ಮಾ. ಮಖ್ಖಿನೇ ಕಾಣವಲ್ದು.”

ಮಖ್ಖಿ ಎಂದರೆ ನೊಣ. ಬಂದೂಕಿನ ನಳಿಗೆಯ ತುದಿಯಲ್ಲಿ ಎದ್ದು ನಿಂತ ಸಣ್ಣ ಕಬ್ಬಿಣದ ತುಣುಕಿಗೆ ಉರ್ದುವಿನಲ್ಲಿ ಆ ಹೆಸರು. ನಿಜಾಮರ ಆಳ್ವಿಕೆಯಲ್ಲಿ ಬೆಳೆದ ನಮ್ಮ ಹಿರಿಯರ ಬಾಯಲ್ಲಿ ಅದೇ ಮಾತು ಉಳಿದಿತ್ತು. ಆ ನೊಣ ಕಾಕಾನ ಕಣ್ಣಿಗೆ ಏಕೆ ಕಾಣದಾಯಿತು, ಅದರ ಜಾಗಕ್ಕೆ ಇಂದು ಬಂದು ಕುಳಿತಿರುವ ಕೆಂಪು ಚುಕ್ಕೆ ಎಲ್ಲಿಂದ ಬಂತು, ಎಂಬುದೇ ನಾನು ಇಂದು ಹೇಳಹೊರಟ ಕಥೆ. ಇದು ಆಯುಧದ ಕಥೆಯಂತೆ ತೋರಿದರೂ ನಿಜವಾಗಿ ಕಣ್ಣಿನ ಕಥೆ.

ಗುರಿ ಹಿಡಿಯುವುದೆಂದರೇನು? ಪಿಸ್ತೂಲಿನ ಬೆನ್ನಿನ ಮೇಲೆ ಹಿಂಬದಿಯಲ್ಲಿ ಒಂದು ಕಚ್ಚು ಇರುತ್ತದೆ. ಮುಂಬದಿಯಲ್ಲಿ ಈ ನೊಣ. ಕಚ್ಚಿನ ನಡುವೆ ನೊಣ ನಿಲ್ಲಬೇಕು. ಎರಡರ ತಲೆ ಒಂದೇ ಮಟ್ಟಕ್ಕೆ ಬರಬೇಕು. ಆ ನೊಣದ ತಲೆಯ ಮೇಲೆ ಗುರಿ ಕೂರಬೇಕು. ಶಹಾಬಾದಿನ ಕಲ್ಲು ಹಾಸುವ ಗೌಂಡಿಯನ್ನು ನೀವು ನೋಡಿರಬಹುದು. ಒಂದು ಕಣ್ಣು ಮುಚ್ಚಿ, ಕೆನ್ನೆಯನ್ನು ನೆಲಕ್ಕೆ ತಾಗಿಸುವಷ್ಟು ಬಾಗಿ, ಕಲ್ಲಿನ ಅಂಚನ್ನೂ ದೂರದ ದಾರವನ್ನೂ ಒಂದೇ ಗೆರೆಗೆ ತರುತ್ತಾನೆ. ಬಂದೂಕಿನವನ ಕೆಲಸವೂ ಅದೇ. ಆದರೆ ಗೌಂಡಿಗೆ ಹೊತ್ತಿದೆ, ಕಲ್ಲು ಓಡಿಹೋಗುವುದಿಲ್ಲ.

ಪಿಸ್ತೂಲಿನಲ್ಲಿ ಈ ಕೆಲಸ ಇನ್ನೂ ಕಠಿಣ. ಬಂದೂಕಿನ ನಳಿಗೆ ಉದ್ದ. ಪಿಸ್ತೂಲಿನ ಕಚ್ಚಿಗೂ ನೊಣಕ್ಕೂ ನಡುವೆ ಸಾಮಾನ್ಯವಾಗಿ ೧೬ ಸೆಂಟಿಮೀಟರಿನಷ್ಟೇ ಅಂತರ. ನೊಣ ಕಚ್ಚಿನ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಸರಿದರೆ, ೨೫ ಮೀಟರ್ ದೂರದ ಹಲಗೆಯಲ್ಲಿ ಗುಂಡು ೧೫ ಸೆಂಟಿಮೀಟರಿಗೂ ಹೆಚ್ಚು ಸರಿದು ಬೀಳುತ್ತದೆ. ಸರಳ ತ್ರೈರಾಶಿಯ ಲೆಕ್ಕ ಇದು. ಯಾರೂ ಮಾಡಿ ನೋಡಬಹುದು.

ಇನ್ನೊಂದು ತೊಡಕು ಕಣ್ಣಿನದು. ಕಚ್ಚು ಮೊಳದಾಚೆ, ನೊಣ ತೋಳಿನುದ್ದಕ್ಕೆ, ಗುರಿ ಇಪ್ಪತ್ತೈದು ಮೀಟರಿನಾಚೆ. ಮನುಷ್ಯನ ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲುದು. ಎಳೆಯ ವಯಸ್ಸಿನಲ್ಲಿ ಕಣ್ಣಿನ ಮಸೂರ ಮೆತ್ತಗಿರುವುದರಿಂದ ದೂರಕ್ಕೂ ಹತ್ತಿರಕ್ಕೂ ಕ್ಷಣಾರ್ಧದಲ್ಲಿ ಹೊಂದಿಕೊಳ್ಳುತ್ತದೆ. ಮೂರನ್ನೂ ಒಟ್ಟಿಗೇ ಕಂಡಂತೆ ಭ್ರಮೆಯಾಗುತ್ತದೆ. ನಲವತ್ತು ದಾಟಿದ ಮೇಲೆ ಆ ಮಸೂರ ಬಿರುಸಾಗುತ್ತದೆ. ನಮ್ಮವರು ಅದಕ್ಕೆ ಹಾಕುವ ಕನ್ನಡಕವನ್ನು ‘ಚಾಳೀಸು’ ಎಂದು ಕರೆದದ್ದು ಸುಮ್ಮನೆ ಅಲ್ಲ. ಚಾಳೀಸ್ ಎಂದರೆ ನಲವತ್ತು. ಕಾಕಾನಿಗೆ ಆದದ್ದು ಇಷ್ಟೇ. ಚಾಳೀಸು ಹಾಕಿದರೆ ಗುರಿ ಮಂಜಾಗುತ್ತಿತ್ತು. ತೆಗೆದರೆ ನೊಣ ಮಂಜಾಗುತ್ತಿತ್ತು. ಧೈರ್ಯಕ್ಕೂ ಇದಕ್ಕೂ ಏನೂ ಸಂಬಂಧವಿರಲಿಲ್ಲ. ಆದರೆ ಈ ವಿವರಣೆಯನ್ನು ಅವರಿಗೆ ಆಗ ಯಾರೂ ಕೊಡಲಿಲ್ಲ, ನನಗೂ ತಿಳಿದಿರಲಿಲ್ಲ.

ಗುರಿಯ ಶಿಕ್ಷಣ ಕೊಡುವವರು ಇದಕ್ಕೆ ಒಂದು ಕಟ್ಟಳೆ ಮಾಡಿದ್ದರು: ನೊಣವನ್ನು ನೋಡು, ಗುರಿ ಮಂಜಾದರೆ ಆಗಲಿ. ಹಿಂದಿ ಕವಾಯತಿನಲ್ಲಿ ಗುರಿ ಹಿಡಿಯುವುದಕ್ಕೆ ‘ಶಿಸ್ತ್ ಲೇನಾ’ ಎನ್ನುತ್ತಾರೆ. ಪಾರಸಿಯಿಂದ ಬಂದ ಈ ಶಬ್ದಕ್ಕೆ ಮರಾಠಿಯಲ್ಲಿ ಗುರಿ ಎಂಬ ಅರ್ಥವೂ ಉಂಟು, ಕಟ್ಟುನಿಟ್ಟು ಎಂಬ ಅರ್ಥವೂ ಉಂಟು. ನಾವು ಶಾಲೆಗಳಲ್ಲಿ ದಿನವೂ ಬಳಸುವ ‘ಶಿಸ್ತು’ ಇದರ ಬಳಗದ್ದೇ. ಕಣ್ಣು ಸಹಜವಾಗಿ ನೋಡಬಯಸುವುದನ್ನು ಬಿಡಿಸಿ, ನೋಡಬೇಕಾದುದನ್ನು ನೋಡಿಸುವುದೇ ಕಬ್ಬಿಣದ ಗುರಿಯ ಶಿಸ್ತು. ಎದುರಿಗೆ ಅಪಾಯವಿದ್ದಾಗ ಯಾವ ಪ್ರಾಣಿಯೂ ಅಪಾಯವನ್ನೇ ನೋಡುತ್ತದೆ, ಕೈಯಲ್ಲಿರುವ ಕಬ್ಬಿಣವನ್ನಲ್ಲ. ಆ ಸ್ವಭಾವದ ವಿರುದ್ಧ ವರ್ಷಗಟ್ಟಲೆ ಸಾಧನೆ ಮಾಡಬೇಕಾಗಿತ್ತು.

ಈಗ ನಾವು ಪಿಸ್ತೂಲನ್ನು ಸ್ವಲ್ಪ ಹೊತ್ತು ಕೆಳಗಿಟ್ಟು ರೈಲು ಹತ್ತೋಣ. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ಮುಂಬಯಿಯಿಂದ ಮದರಾಸಿಗೆ ಹೋಗುವ ದೊಡ್ಡ ಮಾರ್ಗದಿಂದ ವಾಡಿಯಲ್ಲಿ ಕವಲೊಡೆದ ಈ ಹಳಿ ಚಿತ್ತಾಪುರ, ಮಳಖೇಡ, ಸೇಡಂಗಳನ್ನು ಹಾದು, ತಾಂಡೂರಿನ ಮೇಲೆ ಹೈದರಾಬಾದ್ ಕಡೆಗೆ ನಡೆಯುತ್ತದೆ. ಚಿಂಚೋಳಿಗೆ ರೈಲಿಲ್ಲ, ಅಲ್ಲಿನವರು ತಾಂಡೂರಿಗೆ ಬಂದು ಗಾಡಿ ಹಿಡಿಯುತ್ತಿದ್ದರು. ೧೯೪೮ರವರೆಗೆ ಹೈದರಾಬಾದೇ ನಮಗೆ ರಾಜಧಾನಿ. ೧೯೫೬ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಬಹುಕಾಲ ಓದಿಗೆ, ಔಷಧಕ್ಕೆ, ಮದುವೆಯ ಜವಳಿಗೆ ನಮ್ಮ ಜನ ಆ ಹಳಿಯನ್ನೇ ನೆಚ್ಚಿದ್ದರು. ನಾನೂ ಹಾಗೆಯೇ ಓದಲು ಹೋದವನು.

ಹೈದರಾಬಾದಿನ ಬೇಗಂಪೇಟೆಯಲ್ಲಿ ನಿಜಾಮಿಯಾ ವೀಕ್ಷಣಾಲಯವಿತ್ತು. ನವಾಬ್ ಜಫರ್ ಜಂಗ್ ಎಂಬ ಶ್ರೀಮಂತರು ಇಂಗ್ಲೆಂಡಿನಿಂದ ೧೫ ಅಂಗುಲದ ಮಸೂರದ ದೊಡ್ಡ ದೂರದರ್ಶಕವೊಂದನ್ನು ತಮ್ಮ ಸ್ವಂತ ಹಣದಿಂದ ತರಿಸಿ, ೧೯೦೧ರಲ್ಲಿ ಆರನೆಯ ನಿಜಾಮರ ಅನುಮತಿ ಪಡೆದು ಈ ಸಂಸ್ಥೆಗೆ ಅಡಿಪಾಯ ಹಾಕಿದರು. ಅವರ ಕಾಲಾನಂತರ, ೧೯೦೮ರಲ್ಲಿ, ಸರಕಾರ ಅದನ್ನು ವಹಿಸಿಕೊಂಡಿತು. ಜಗತ್ತಿನ ಅನೇಕ ವೀಕ್ಷಣಾಲಯಗಳು ಆಕಾಶವನ್ನು ಪಾಲು ಹಂಚಿಕೊಂಡು ನಕ್ಷೆ ತೆಗೆದ ಮಹಾಕಾರ್ಯದಲ್ಲಿ ಹೈದರಾಬಾದ್ ಭಾಗವಹಿಸಿ ಏಳೂವರೆ ಲಕ್ಷಕ್ಕೂ ಮೇಲ್ಪಟ್ಟು ನಕ್ಷತ್ರಗಳ ಸ್ಥಾನವನ್ನು ದಾಖಲಿಸಿತು. ನವಾಬರ ೧೫ ಅಂಗುಲದ ದೂರದರ್ಶಕ ಮಾತ್ರ ಬಹುಕಾಲ ಕಾದು, ೧೯೨೨ರಲ್ಲಿ ತನ್ನ ಪೀಠವೇರಿತು. ಅದನ್ನು ಮಾಡಿದವನ ಹೆಸರು ಹೋವರ್ಡ್ ಗ್ರಬ್.

ಆ ಹೆಸರನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಕೇಳಿ ಮರೆತಿದ್ದೆ. ಬಹಳ ವರ್ಷಗಳ ಮೇಲೆ, ಪಿಸ್ತೂಲಿನ ಕೆಂಪು ಚುಕ್ಕೆಯ ಮೂಲವನ್ನು ಹುಡುಕುತ್ತ ಹೋದಾಗ, ಅದೇ ಹೆಸರು ಎದುರಿಗೆ ಬಂದು ನಿಂತಿತು. ಐರ್ಲೆಂಡಿನ ಡಬ್ಲಿನ್ ನಗರದ ಈ ಗ್ರಬ್ ೧೮೪೪ರಲ್ಲಿ ಹುಟ್ಟಿದವನು. ತಂದೆ ಥಾಮಸ್ ಗ್ರಬ್ ಕೂಡ ದೂರದರ್ಶಕಗಳ ನಿರ್ಮಾಪಕ. ಮೆಲ್ಬೋರ್ನ್, ವಿಯೆನ್ನಾ ನಗರಗಳ ಮಹಾ ದೂರದರ್ಶಕಗಳು ಈ ಮನೆತನದ ಕಾರ್ಖಾನೆಯಲ್ಲಿ ಸಿದ್ಧವಾದವು. ನಕ್ಷತ್ರಗಳಿಗಾಗಿ ಗಾಜು ಉಜ್ಜಿದ ಈ ಮನುಷ್ಯನೇ ೧೯೦೦ರಲ್ಲಿ ಬಂದೂಕಿಗೆ ಒಂದು ಹೊಸ ಬಗೆಯ ಗುರಿಯ ಸಾಧನದ ಹಕ್ಕುಪತ್ರ ಪಡೆದನು.

ಅದರ ತತ್ತ್ವವನ್ನು ತಿಳಿಯಲು ಮತ್ತೆ ರೈಲಿಗೇ ಬರಬೇಕು. ರಾತ್ರಿಯ ಗಾಡಿಯಲ್ಲಿ ವಾಡಿಯಿಂದ ಸೇಡಮ್ಮಿಗೆ ಹೋಗುವಾಗ ಕಿಟಕಿಯ ಗಾಜಿನಾಚೆ ನೋಡಿ. ಹೊರಗೆ ತೊಗರಿಯ ಹೊಲ ಕತ್ತಲಲ್ಲಿ ಸರಿಯುತ್ತಿರುತ್ತದೆ. ಅದರ ಮೇಲೆ ಡಬ್ಬಿಯೊಳಗಿನ ದೀಪ ತೇಲುತ್ತಿರುತ್ತದೆ. ಗಾಜು ಹೊಲವನ್ನು ಒಳಗೆ ಬಿಡುತ್ತದೆ, ದೀಪವನ್ನು ಹಿಂದಕ್ಕೆ ಕಳಿಸುತ್ತದೆ. ಎರಡೂ ನಮ್ಮ ಕಣ್ಣಿನಲ್ಲಿ ಕೂಡುತ್ತವೆ. ಆದರೆ ಈ ದೀಪದಿಂದ ಗುರಿ ಹಿಡಿಯಲು ಬಾರದು. ತಲೆ ಸ್ವಲ್ಪ ಅಲುಗಿದರೆ ದೀಪವೂ ಒಂದು ಮರದಿಂದ ಇನ್ನೊಂದು ಮರಕ್ಕೆ ಜಿಗಿಯುತ್ತದೆ. ಏಕೆಂದರೆ ಆ ದೀಪ ಹತ್ತಿರದ್ದು, ಮರ ದೂರದ್ದು.

ಗ್ರಬ್ ಮಾಡಿದ್ದು ಇಷ್ಟು. ಬೆಳಗಿದ ಒಂದು ಗುರುತನ್ನು ಮಸೂರದ ನಾಭಿಯಲ್ಲಿ ಇಟ್ಟನು. ಹಾಗೆ ಇಟ್ಟಾಗ ಅದರ ಕಿರಣಗಳು ಮಸೂರವನ್ನು ದಾಟಿ ಸಮಾಂತರವಾಗಿ ಹೊರಡುತ್ತವೆ. ನಕ್ಷತ್ರದಿಂದ ಬರುವ ಕಿರಣಗಳೂ ಸಮಾಂತರವಾಗಿಯೇ ಬರುತ್ತವೆ. ಖಗೋಲದವನಿಗೆ ಇದು ನಿತ್ಯದ ಪಾಠ. ಆ ಕಿರಣಗಳನ್ನು ಓರೆಯಾದ ಗಾಜಿನಿಂದ ಕಣ್ಣಿಗೆ ತಿರುಗಿಸಿದರೆ, ಕೈಯಳತೆಯಲ್ಲಿರುವ ಗುರುತು ನಕ್ಷತ್ರದಷ್ಟು ದೂರದಲ್ಲಿದ್ದಂತೆ ಕಾಣುತ್ತದೆ. ತಲೆ ಅತ್ತಿತ್ತ ಸರಿದರೂ ದೂರದ ಗುರಿಯ ಮೇಲಿನ ಗುರುತು ಕದಲುವುದಿಲ್ಲ. ಕಚ್ಚು ಬೇಡ, ನೊಣ ಬೇಡ. ಗುರುತೂ ಗುರಿಯೂ ಒಂದೇ ದೂರದಲ್ಲಿ, ಒಂದೇ ನೋಟದಲ್ಲಿ. ಬೇರೆ ಮಾತಿನಲ್ಲಿ ಹೇಳುವುದಾದರೆ, ಗ್ರಬ್ ಬಂದೂಕಿಗೆ ಒಂದು ಕೃತಕ ನಕ್ಷತ್ರವನ್ನು ಕಟ್ಟಿಕೊಟ್ಟನು.

ಆದರೆ ವಿಚಾರ ಹುಟ್ಟಿದ ಕೂಡಲೇ ವಸ್ತು ಹುಟ್ಟುವುದಿಲ್ಲ. ಅದಕ್ಕೆ ಜೊತೆಗಾರರು ಬೇಕು. ೧೯೧೮ರಲ್ಲಿ ಜರ್ಮನರ ಕೆಲವು ಯುದ್ಧವಿಮಾನಗಳಲ್ಲಿ ಈ ಸಾಧನ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಪೈಲಟ್ಟುಗಳು ಇಂಥದೇ ಬೆಳಕಿನ ಗುರುತಿನಿಂದ ಗುರಿ ಹಿಡಿದರು. ವಿಮಾನದಲ್ಲಿ ಜಾಗವಿತ್ತು, ವಿದ್ಯುತ್ತೂ ಇತ್ತು. ಅಂಗೈಯಷ್ಟಿನ ಪಿಸ್ತೂಲಿಗೆ ದೀಪವನ್ನೂ ಅದರ ಬ್ಯಾಟರಿಯನ್ನೂ ಎಲ್ಲಿಂದ ತರುವುದು? ೧೯೬೨ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕೆಂಪು ಬೆಳಕು ಕೊಡುವ ಡಯೋಡನ್ನು, ಈಗ ನಾವು ಎಲ್‌ಇಡಿ ಎನ್ನುವುದನ್ನು, ಮಾಡಿ ತೋರಿಸಿದ ಮೇಲೆ ದಾರಿ ತೆರೆಯಿತು. ೧೯೭೫ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಈ ಕೆಂಪು ಬಿಂದುವನ್ನು ಬಳಸಿದ ಗುರಿಯ ಸಾಧನವನ್ನು ಮಾರುಕಟ್ಟೆಗೆ ತಂದಿತು. ನಮ್ಮ ಕಾಕಾನ ಕಣ್ಣಿಗೆ ನೊಣ ಮಂಜಾಗುತ್ತಿದ್ದ ಕಾಲವೂ ಅದೇ. ಮದ್ದು ಹುಟ್ಟಿತ್ತು, ರೋಗಿಗೆ ಸುದ್ದಿ ತಲುಪಿರಲಿಲ್ಲ.

ಪಿಸ್ತೂಲಿನ ಮೇಲೆ ಅದು ಏರಿದ್ದು ಪಂದ್ಯಗಳ ಮೂಲಕ. ೧೯೯೦ರಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ನಡೆದ ವೇಗದ ಪಿಸ್ತೂಲು ಸ್ಪರ್ಧೆಯ ವಿಶ್ವಕೂಟದಲ್ಲಿ ಅಮೆರಿಕದ ಡಗ್ ಕೋನಿಗ್ ಕೆಂಪು ಚುಕ್ಕೆಯ ಪಿಸ್ತೂಲಿನಿಂದ ಗೆದ್ದಾಗ ಕಬ್ಬಿಣದ ನೊಣದ ಕಾಲ ಆ ಆಟದಲ್ಲಿ ಮುಗಿದಂತಾಯಿತು. ಆಗಿನದು ಕೊಳವೆಯಂಥ ದೊಡ್ಡ ಸಾಧನ. ಸೊಂಟದ ಚೀಲದಲ್ಲಿ ಹಿಡಿಸದು. ಪಿಸ್ತೂಲಿನ ಮೇಲ್ಭಾಗ ಪ್ರತಿ ಗುಂಡಿಗೂ ಹಿಂದಕ್ಕೆ ರಭಸದಿಂದ ಜಾರಿ ಮುಂದಕ್ಕೆ ಬಡಿಯುತ್ತದೆ. ಆ ಬಡಿತವನ್ನು ಸಾವಿರಾರು ಸಲ ತಾಳುವ, ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಗಾಜು, ದೀಪ, ಬ್ಯಾಟರಿಗಳ ಕೂಟವನ್ನು ಸಿದ್ಧಪಡಿಸಲು ಇನ್ನೂ ಒಂದೆರಡು ದಶಕ ಹಿಡಿಯಿತು. ೨೦೧೭ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡ ಹೊಸ ಪಿಸ್ತೂಲಿನ ಬೆನ್ನಿನ ಮೇಲೆ ಚುಕ್ಕೆಯ ಸಾಧನವನ್ನು ಕೂರಿಸಲು ಜಾಗವನ್ನೇ ಬಿಟ್ಟಿದ್ದರು. ಗ್ರಬ್ಬನ ಹಕ್ಕುಪತ್ರದಿಂದ ಎಣಿಸಿದರೆ ಒಂದು ಶತಮಾನ ದಾಟಿತ್ತು. ನವಾಬರ ದೂರದರ್ಶಕ ಇಪ್ಪತ್ತೊಂದು ವರ್ಷ ಕಾದದ್ದು ಇದರ ಮುಂದೆ ಏನೂ ಅಲ್ಲ.

ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯುವುದು ಸುಲಭವೆಂದು ತಿಳಿಯಬಾರದು. ನೊಣಕ್ಕೆ ಒಗ್ಗಿದ ಕೈಗೆ ಚುಕ್ಕೆ ಮೊದಲು ಸಿಕ್ಕುವುದೇ ಇಲ್ಲ. ಪಿಸ್ತೂಲನ್ನು ಎತ್ತಿದರೆ ಗಾಜು ಬರಿದಾಗಿ ಕಾಣುತ್ತದೆ. ಚುಕ್ಕೆ ಗಾಜಿನ ಅಂಚಿನಾಚೆ ಎಲ್ಲೋ ಅಡಗಿರುತ್ತದೆ. ಮಣಿಕಟ್ಟು ಸ್ವಲ್ಪ ಬಾಗಿದ್ದರೂ ಅದು ಕಾಣಿಸದು. ಕಬ್ಬಿಣದಲ್ಲಾದರೆ ತಪ್ಪು ಕಣ್ಣಿಗೆ ಕಾಣುತ್ತಿತ್ತು, ತಿದ್ದಿಕೊಳ್ಳಬಹುದಿತ್ತು. ಇಲ್ಲಿ ಕೈ ಮೊದಲೇ ಸರಿಯಾಗಿ ಬರಬೇಕು. ಕಂಡ ಮೇಲೂ ಒಂದು ಕಾಟವುಂಟು: ಚುಕ್ಕೆ ನಿಲ್ಲದೆ ಅಲುಗುತ್ತದೆ. ಅಲುಗುವುದು ಕೈ, ಅದು ಮೊದಲೂ ಅಲುಗುತ್ತಿತ್ತು, ಈಗ ಎದ್ದು ಕಾಣುತ್ತದೆ, ಅಷ್ಟೇ. ಇದರಿಂದ ಗಾಬರಿಯಾಗಿ ಕುದುರೆಯನ್ನು ಥಟ್ಟನೆ ಎಳೆದವನ ಗುಂಡು ತಪ್ಪುತ್ತದೆ. ಮಳೆಹನಿ, ಧೂಳು, ಮುಗಿದ ಬ್ಯಾಟರಿ ಬೇರೆ ಇವೆ. ಕಣ್ಣಿನ ಪಾಪೆಯ ಮುಂಭಾಗ ಡೊಂಕಾಗಿರುವವರಿಗೆ ಚುಕ್ಕೆ ಚುಕ್ಕೆಯಾಗಿ ಕಾಣದೆ ಸಿಡಿದ ಕಿಡಿಯಂತೆ ಕಾಣುತ್ತದೆ. ಆದುದರಿಂದಲೇ ಚುಕ್ಕೆ ಇಟ್ಟವರೂ ಅನೇಕರು ಕಬ್ಬಿಣದ ಕಚ್ಚನ್ನೂ ನೊಣವನ್ನೂ ಕಿತ್ತು ಬಿಸಾಡದೆ ಆಪತ್ತಿಗಾಗಿ ಉಳಿಸಿಕೊಂಡಿದ್ದಾರೆ.

ಹಳೆಯ ಕಬ್ಬಿಣಕ್ಕೆ ತನ್ನದೇ ಆದ ಮರ್ಯಾದೆ ಇಂದಿಗೂ ಒಂದು ಅಂಗಳದಲ್ಲಿ ಉಳಿದಿದೆ. ಒಲಿಂಪಿಕ್ ಪಿಸ್ತೂಲು ಸ್ಪರ್ಧೆಗಳಲ್ಲಿ ಮಸೂರ, ಕನ್ನಡಿ, ಬೆಳಕಿನ ಚುಕ್ಕೆಗಳನ್ನು ಆಯುಧಕ್ಕೆ ಜೋಡಿಸಲು ನಿಯಮ ಒಪ್ಪುವುದಿಲ್ಲ. ಕನ್ನಡಕವನ್ನು ಮುಖಕ್ಕೆ ಹಾಕಿಕೊಳ್ಳಬಹುದು. ಬೆಂಗಳೂರಿನ ಪ್ರಕಾಶ ನಂಜಪ್ಪನವರು ೨೦೧೪ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ೧೦ ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದದ್ದು ಇದೇ ಕಬ್ಬಿಣದ ಗುರಿಯಿಂದ. ಅದರ ಹಿಂದಿನ ವರ್ಷವಷ್ಟೇ ಅವರ ಮುಖದ ಒಂದು ಪಾರ್ಶ್ವಕ್ಕೆ ವಾಯು ಬಡಿದಿತ್ತು. ಗುರಿಯ ಆಟದಲ್ಲಿ ಮುಖದ ಆ ಭಾಗ, ಕಣ್ಣಿನ ಆ ರೆಪ್ಪೆ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಾಗಿಲ್ಲ. ಚೇತರಿಸಿಕೊಂಡು ೨೦೧೬ರಲ್ಲಿ ರಿಯೋ ಒಲಿಂಪಿಕ್ಸಿಗೂ ಹೋದರು. ೫೦ ಮೀಟರ್ ಪಿಸ್ತೂಲು ಸ್ಪರ್ಧೆ ಅನಂತರ ಒಲಿಂಪಿಕ್ಸಿನಿಂದ ಮರೆಯಾಯಿತು. ಆದರೂ ನೊಣವನ್ನು ಕಚ್ಚಿನಲ್ಲಿ ನಿಲ್ಲಿಸುವ ಹಳೆಯ ವಿದ್ಯೆ ಉಳಿದ ಸ್ಪರ್ಧೆಗಳಲ್ಲಿ ಜೀವಂತವಾಗಿದೆ.

ಆಟದ ಮಾತು ಬೇರೆ. ಕಾವಲಿನ ಕೆಲಸದಲ್ಲಿ ಈ ಬದಲಾವಣೆಯ ಅರ್ಥ ಇನ್ನೂ ಗಂಭೀರವಾದುದು. ಕಬ್ಬಿಣದ ಶಿಸ್ತು ಹೇಳುತ್ತಿದ್ದುದು ‘ನೊಣವನ್ನು ನೋಡು, ಎದುರಿನವನು ಮಂಜಾಗಲಿ’ ಎಂದು. ಹಲಗೆಯ ಮುಂದೆ ಅದು ಸರಿ. ಆದರೆ ಎದುರಿಗೆ ನಿಂತದ್ದು ಹಲಗೆಯಲ್ಲ, ಮನುಷ್ಯನಾಗಿದ್ದರೆ? ಅವನ ಕೈಯಲ್ಲಿರುವುದು ಕತ್ತಿಯೋ ಕೊಡಲಿಯ ಕಾವೋ ಬರಿಯ ಟಾರ್ಚೋ ಎಂಬುದನ್ನು ಅರಿಯಬೇಕಾದ ಘಳಿಗೆಯಲ್ಲೇ ಅವನನ್ನು ಮಂಜಾಗಿಸಬೇಕಾಗಿತ್ತು. ಚುಕ್ಕೆ ಬಂದ ಮೇಲೆ ಕಣ್ಣು ಮನುಷ್ಯನ ಮೇಲೆಯೇ ಇರಬಹುದು; ಇರಲೇಬೇಕು. ಅವನ ಮುಖ, ಅವನ ಕೈ, ಅವನ ಬೆನ್ನ ಹಿಂದೆ ಅಡಗಿದ ಕೂಸು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ. ಕಾಣಲಿಲ್ಲ ಎಂದು ಹೇಳುವ ನೆಪ ಕಡಿಮೆಯಾಯಿತು. ಈ ಸಾಧನ ಗುಂಡನ್ನು ನೆಟ್ಟಗೆ ಕಳಿಸುವುದು ಅದರ ಸಣ್ಣ ಗುಣ. ಗುಂಡು ಹಾರಿಸದೆ ಇರಲು ಒಂದು ಅವಕಾಶ ಕೊಡುವುದು ದೊಡ್ಡ ಗುಣ ಎಂದು ನಾನು ತಿಳಿದಿದ್ದೇನೆ. ಆದರೆ ಕಂಡದ್ದನ್ನು ವಿವೇಚಿಸುವ ಕೆಲಸವನ್ನು ಯಾವ ಗಾಜೂ ಮಾಡಿಕೊಡದು.

ಕಾಕಾನ ಕಥೆ ಉಳಿಯಿತು. ನೌಕರಿ ಮುಗಿಸಿ ಅವರು ಸೇಡಮ್ಮಿನಲ್ಲಿ ನೆಲೆಸಿದರು. ಗುರಿಯ ಮಾತನ್ನು ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದರು. ಎಂಬತ್ತು ದಾಟಿದ ಮೇಲೆ ಕಣ್ಣಿನ ಪೊರೆ ತೆಗೆಸಿದರು. ದೂರದ್ದು ಚೆನ್ನಾಗಿ ಕಾಣತೊಡಗಿತು. ಓದಲು ಮಾತ್ರ ಚಾಳೀಸು ಬೇಕಾಗಿತ್ತು. ೨೦೧೪ರ ಚಳಿಗಾಲದಲ್ಲಿ ಓಣಿಯ ಹುಡುಗರಿಗೆ ಆಕಾಶ ತೋರಿಸಲೆಂದು ಮೇಷ್ಟರೊಬ್ಬರು ಸಣ್ಣ ದೂರದರ್ಶಕ ತಂದು ಮಾಳಿಗೆಯ ಮೇಲೆ ನಿಲ್ಲಿಸಿದ್ದರು. ಇಂಥ ದೂರದರ್ಶಕದ ಪಕ್ಕಕ್ಕೆ, ನಕ್ಷತ್ರದ ದಿಕ್ಕು ಹಿಡಿಯಲು, ಈಗ ಒಂದು ಕೆಂಪು ಚುಕ್ಕೆಯ ಸಾಧನವನ್ನು ಜೋಡಿಸಿರುತ್ತಾರೆ. ಗ್ರಬ್ಬನ ತತ್ತ್ವವೇ ಅದು. ಬಂದೂಕನ್ನು ಸುತ್ತಿ ಮತ್ತೆ ಆಕಾಶಕ್ಕೇ ಮರಳಿದೆ.

ನಾನು ಕಾಕಾನನ್ನು ಕೈಹಿಡಿದು ಮಾಳಿಗೆಗೆ ಕರೆದುಕೊಂಡು ಹೋದೆ. ಅವರು ಚಾಳೀಸು ತೆಗೆದು ಅಂಗಿಯ ಕಿಸೆಗೆ ಹಾಕಿದರು. ಹಳೆಯ ಅಭ್ಯಾಸದಂತೆ ಎಡಗಣ್ಣು ಮುಚ್ಚಿಕೊಂಡರು. “ಎರಡೂ ಕಣ್ಣು ತೆರೀರಿ ಕಾಕಾ” ಎಂದೆ. ತೆರೆದರು. ಕೊಳವೆಯನ್ನು ಮೆಲ್ಲಗೆ ಸರಿಸುತ್ತ, ಉಸಿರು ಹಿಡಿದು, ಮೂಡಣದಲ್ಲಿ ಏರಿ ಬಂದಿದ್ದ ಲುಬ್ಧಕ ನಕ್ಷತ್ರದ ಮೇಲೆ ಚುಕ್ಕೆಯನ್ನು ತಂದು ನಿಲ್ಲಿಸಿದರು. ಮೇಷ್ಟರು ದೂರದರ್ಶಕದಲ್ಲಿ ಕಣ್ಣಿಟ್ಟು ನೋಡಿ, ನಕ್ಷತ್ರ ನಟ್ಟನಡುವೆ ಇದೆ ಎಂದರು.

ನಮ್ಮ ಸೀಮೆಯಲ್ಲಿ ನಕ್ಷತ್ರಕ್ಕೂ ಚುಕ್ಕಿ ಎಂದೇ ಹೆಸರು. ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಮೂವತ್ತಾರು ವರ್ಷದ ಹಿಂದಿನ ಮಾತನ್ನು ಮುಂದುವರಿಸುವವರಂತೆ, “ನಾ ಅವಾಗೇ ಹೇಳಿದ್ದೆಲ್ಲೋ ತಮ್ಮಾ, ಕೈ ನಡುಗಂಗಿಲ್ಲಂತ” ಎಂದರು.

ಮರುದಿನ ಬೆಳಿಗ್ಗೆ ಓಣಿಯ ಹುಡುಗರಿಗೆಲ್ಲ ಪೇಡೆ ತರಿಸಿದರು.

(ಬಾನುಲಿ ಭಾಷಣ)